ಮೂರು ಸ್ವರಗಳ ಉತ್ತರ

"ಯಾರಲ್ಲಿ?"

ತಾಲೀಮಿನಲ್ಲಿ, ಹಾಡಿನ ನಡುವೆ ಬರುವ ಆ ಪ್ರಶ್ನೆ ಹಾಕಿ ಎರ್ಸಿಲಿಯಾ ನಿಲ್ಲಿಸಿದಳು. ವೇದಿಕೆಯ ಕೆಳಗಿನ ಕತ್ತಲಿಂದ, ಪಿಯಾನೊದಂಥ ಹಳೆಯ ವಾದ್ಯವಾದ ಹಾರ್ಪ್ಸಿಕಾರ್ಡ್ ಉತ್ತರ ಕೊಟ್ಟಿತು. ಎರಡು ತಗ್ಗಿನ ಸ್ವರ, ಒಂದು ಎತ್ತರದ್ದು... ಯಾರೋ ಹಿಂಜರಿಯುತ್ತ ಬಾಗಿಲು ತಟ್ಟಿದ ಹಾಗೆ.

ಅವಳು ಮುಂದಿನ ಸಾಲು ಹಾಡದೆ ಒಂದು ಹೆಜ್ಜೆ ಹಿಂದೆ ಸರಿದಳು.

ಅದು ಕೊರ್ರಾದೊ ನುಡಿಸುತ್ತಿದ್ದ ರೀತಿ. ಅವಳನ್ನು ಮದುವೆಯಾಗಬೇಕಿದ್ದ ಕೊರ್ರಾದೊ ತೀರಿಕೊಂಡು ಎರಡು ಚಳಿಗಾಲ ಕಳೆದಿದ್ದವು.

ಇಟಲಿಯ ಮಾರ್ಕೆ ಪ್ರಾಂತ್ಯದ ಬೆಟ್ಟದ ಆ ಪುಟ್ಟ ಊರಿನಲ್ಲಿ, ಎಲ್ಲರೂ ಮರೆತಿದ್ದ ಈ ಹಾಸ್ಯ ಒಪೆರಾವನ್ನು ಮತ್ತೆ ಹಾಡಿಸಬೇಕೆಂದು ಹಟ ಹಿಡಿದವನೇ ಅವನು. ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು, ಮದುವೆಯಾಗಲು ಬಂದವರನ್ನು ಓಡಿಸಲು, ಮನೆಯಲ್ಲಿ ಗಂಡನ ದೆವ್ವವಿದೆ ಎಂದು ನಟಿಸುವ ಕಥೆ; ಎರ್ಸಿಲಿಯಾಳದು ಆ ಹೆಂಗಸಿನ ಪಾತ್ರ. "ಯಾರಲ್ಲಿ?" ಎಂದ ಮೇಲೆ ಹಾಳೆಯಲ್ಲಿ ಸ್ವರಗಳಿಲ್ಲ. ಅಲ್ಲಿ ತನಗೆ ತೋಚಿದ ತುಂಟತನ ಸೇರಿಸುವುದು ಹಾರ್ಪ್ಸಿಕಾರ್ಡ್ ನುಡಿಸುವವನ ಹಳೆಯ ಹಕ್ಕು. ಕೊರ್ರಾದೊ ಆ ಮೂರು ಸ್ವರಗಳನ್ನು ಅವಳ ಮನೆಯಲ್ಲಿ, ಅವಳೊಬ್ಬಳಿಗೇ ನುಡಿಸಿ ತೋರಿಸಿದ್ದ. ಪ್ರದರ್ಶನಕ್ಕೆ ಮೊದಲೇ ಕಾಯಿಲೆ ಬಿದ್ದ.

ಹಾಗಾದರೆ ಈಗ ನುಡಿಸಿದ ಈ ಹೊಸಬನಿಗೆ ಹೇಗೆ ಗೊತ್ತು?

ಒಪೆರಾದಲ್ಲಿ ಅವಳನ್ನು ಮದುವೆಯಾಗಲು ಬರುವ ಶ್ರೀಮಂತನ ಪಾತ್ರದ ದಪ್ಪ ಒತ್ತೊರಿನೊ ನಕ್ಕ. "ಏನಮ್ಮಾ, ನಾನು ಹೆದರ್ಬೇಕಾದ ಜಾಗದಲ್ಲಿ ನೀನು ಹೆದರ್ತೀಯಲ್ಲ! ಇಲ್ಲಿ ದೆವ್ವಕ್ಕೂ ಸಂಬಳ ಕೊಡ್ತಿದಾರಾ?"

ಎರ್ಸಿಲಿಯಾ ನಗಲಿಲ್ಲ. ಕೆಳಗಿಳಿದು, ಕರಾವಳಿಯಿಂದ ಹೊಸದಾಗಿ ಬಂದಿದ್ದ ವಾದಕ ನೆರೆಯೊನ ಎದುರು ನಿಂತಳು. ಅದನ್ನು ಯಾರು ಹೇಳಿಕೊಟ್ಟರೆಂದು ಕೇಳಿದಳು. ಅವನು ತಲೆ ತಗ್ಗಿಸಿದ.

"ಬೇಡ ಅಂದ್ರೆ ನುಡಿಸಲ್ಲ."

"ಸತ್ತವರ ಆಟ ಕದ್ದು ನನ್ನ ಹತ್ತಿರ ಬರೋಕೆ ನೋಡ್ಬೇಡಿ."

ಮರುದಿನದಿಂದ ಆ ಜಾಗದಲ್ಲಿ ಮೌನ. ಆದರೆ ಮೌನ ಇನ್ನೂ ಭಯಂಕರವಾಗಿತ್ತು. ಉತ್ತರ ಬಾರದ ಆ ಗಳಿಗೆಯಲ್ಲಿ ಅವಳು ಕಿವಿಗೊಟ್ಟು ಕಾಯುತ್ತಿದ್ದಳು... ಮನೆಯಲ್ಲಿ ಕಿಟಕಿಯ ಬಾಗಿಲು ಬಡಿದರೂ ಅದೇ ಮೂರು ಸ್ವರ.

ಆ ಪ್ರಶ್ನೆಯ ನಂತರ ನಾಯಕಿ ತನ್ನ ಸುಳ್ಳು ದೆವ್ವಕ್ಕೆ ತಾನೇ ನಗಬೇಕು. ಒಪೆರಾ ನಿಂತಿರುವುದೇ ಆ ನಗುವಿನ ಮೇಲೆ. ಎರ್ಸಿಲಿಯಾಳ ಗಂಟಲಿಂದ ಅದು ಒಣ ಕೆಮ್ಮಿನ ಹಾಗೆ ಬರುತ್ತಿತ್ತು. ಭಾನುವಾರದೊಳಗೆ ನಗು ಬಾರದಿದ್ದರೆ ಪ್ರದರ್ಶನವನ್ನೇ ಕೈಬಿಡುವುದಾಗಿ ನಿರ್ದೇಶಕರು ಮೆಲ್ಲಗೆ ಹೇಳಿದರು. ಕೊರ್ರಾದೊನ ಕನಸು ಎರಡನೆಯ ಸಲ ಸಾಯಲಿತ್ತು.

ಉಡುಪು ಹೊಲಿಯುವ ಮುದುಕಿ ಆರ್ಜಿಯಾ ಅವಳ ಅಂಗಿಗೆ ಇಸ್ತ್ರಿ ಹಾಕುತ್ತ ಹೇಳಿದಳು. "ಆ ನೆರೆಯೊ ಹುಡುಗ ದಿನಾ ನಿನಗಿಂತ ಮುಂಚೆ ಇಲ್ಲಿಗೆ ಬಂದು ಚಳಿಗೆ ಒಲೆ ಹಚ್ತಾನೆ ಕಣೇ. ಮೇಲೆ ಕಿತ್ತಳೆ ಸಿಪ್ಪೆ ಇಡ್ತಾನೆ. ಬೂಷ್ಟಿನ ವಾಸನೆ ನಿನ್ನ ಗಂಟಲಿಗೆ ಹಿಡೀಬಾರ್ದಂತೆ. ಕಳ್ಳನ ಬುದ್ಧಿ ಹೀಗಿರುತ್ತಾ, ಮಗಳೇ?"

ಕಿತ್ತಳೆ...

ಎರ್ಸಿಲಿಯಾಳಿಗೆ ಆಸ್ಪತ್ರೆ ನೆನಪಾಯಿತು. ಕೊರ್ರಾದೊನಿಗೆಂದು ಸುಲಿದ ಹಣ್ಣಿನಲ್ಲಿ ಅರ್ಧವನ್ನು ಪಕ್ಕದ ಹಾಸಿಗೆಯವನಿಗೆ ಕೊಡುತ್ತಿದ್ದಳು. ಅಲ್ಲಿದ್ದ ಗಡ್ಡದ, ಬಡಕಲು ರೋಗಿಯ ಮುಖವನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ನೆನಪಿದ್ದದ್ದು ಚಾಚಿದ ಕೈ ಮಾತ್ರ. ಉದ್ದ ಬೆರಳುಗಳು.

ಮರುದಿನ ಬೇಗ ಬಂದಳು. ನೆರೆಯೊ ಒಲೆಯ ಮುಂದೆ ಕೂತಿದ್ದ. ಅವಳು ಅವನ ಬೆರಳುಗಳನ್ನು ನೋಡಿದಳು.

"ಅವತ್ತೇ ಯಾಕೆ ಹೇಳಲಿಲ್ಲ?"

"ಸತ್ತವನ ಹೆಸರು ಹಿಡ್ಕೊಂಡು ನಿಮ್ಮ ಬಾಗಿಲಿಗೆ ಬಂದ ಹಾಗಾಗ್ತಿತ್ತು."

ಸಂಜೆಗಳಲ್ಲಿ ಕೊರ್ರಾದೊ ಮಂಚದ ಕಬ್ಬಿಣದ ಮೇಲೆ ಆ ಸ್ವರಗಳ ಲಯ ತಟ್ಟಿ, ಸಣ್ಣಗೆ ಗುನುಗಿ ಕಲಿಸುತ್ತಿದ್ದನೆಂದು ನೆರೆಯೊ ಹೇಳಿದ. ಕೊನೆಯ ವಾರ ಒಂದೇ ಮಾತು ಕೇಳಿಕೊಂಡಿದ್ದನಂತೆ.

"'ಅವಳು ಯಾರಲ್ಲಿ ಅಂತ ಕೇಳಿದಾಗ ಯಾರಾದ್ರೂ ಉತ್ತರ ಕೊಡ್ಬೇಕು, ಸುಮ್ಮನಿರಬಾರದು' ಅಂದ."

ಎರ್ಸಿಲಿಯಾ ಒಲೆಯ ಪಕ್ಕ ಕೂತು ಅತ್ತಳು. ನೆರೆಯೊ ಅವಳನ್ನು ಮುಟ್ಟಲಿಲ್ಲ. ಬೆಂಕಿಗೆ ಇನ್ನೊಂದು ಸೌದೆ ಇಟ್ಟ, ಅಷ್ಟೇ.

ಭಾನುವಾರ ರಂಗಮಂದಿರ ತುಂಬಿತ್ತು.

"ಯಾರಲ್ಲಿ?"

ಕತ್ತಲಿಂದ ಎರಡು ತಗ್ಗಿನ ಸ್ವರ, ಒಂದು ಎತ್ತರದ್ದು. ಅವಳ ಕಣ್ಣು ತುಂಬಿತು. ಅಷ್ಟರಲ್ಲಿ ಅವುಗಳ ಹಿಂದೆಯೇ, ಅನುಮತಿ ಕೇಳುವಂತೆ, ಅಂಜುತ್ತ ಅಂಜುತ್ತ ಇನ್ನೊಂದು ಸ್ವರ! ಅದು ಕೊರ್ರಾದೊನದಲ್ಲ. ಬದುಕಿರುವವನದು.

ಎರ್ಸಿಲಿಯಾ ನಕ್ಕಳು. ಎರಡು ಚಳಿಗಾಲ ಒಳಗೇ ಹೆಪ್ಪುಗಟ್ಟಿದ್ದ ನಗು ಅದು. ಜನರೂ ಅವಳೊಂದಿಗೆ ನಕ್ಕರು.

ಪರದೆ ಬಿದ್ದ ಮೇಲೆ ಅವಳ ಕೋಣೆಯ ಬಾಗಿಲು ಒಂದೇ ಸಲ, ಮೆಲ್ಲಗೆ ಸದ್ದು ಮಾಡಿತು.

"ಯಾರಲ್ಲಿ?"

"ನಾನು... ನೆರೆಯೊ."

"ಒಳಗೆ ಬಾ."

'ಬಾ' ಎಂದದ್ದು ಕೇಳಿ ಅವನು ಹೊಸ್ತಿಲಲ್ಲೇ ನಿಂತ. ಕೈಯಲ್ಲೊಂದು ಕಿತ್ತಳೆ ಇತ್ತು.

"ಆಸ್ಪತ್ರೆಯಲ್ಲಿ ನೀನು ಬರೋ ಹೊತ್ತಿಗೆ ಕಾಯ್ತಿದ್ದೆ," ಎಂದ. "ಹಣ್ಣಿಗಲ್ಲ. ಕೊರ್ರಾದೊ ಇರೋವರೆಗೂ ಅದನ್ನ ನನಗೆ ನಾನೇ ಹೇಳ್ಕೊಂಡಿರಲಿಲ್ಲ."

ಅವಳು ಹಣ್ಣು ಸುಲಿದು ಅರ್ಧ ಮಾಡಿದಳು. ಅವನು ಕೈ ಚಾಚಿದ. ಅವಳು ಕೊಡಲಿಲ್ಲ.

"ತಡಿ. ಈ ಸಲ ಮುಖ ನೋಡಿ ಕೊಡ್ತೀನಿ."