ಕೊಕ್ಕರೆ ಗಂಡನೂ ನೀರು ಬಿಡದ ಮಾಯಾಮೃಗವೂ

ಬಹಳ ಹಿಂದೆ ಮುತ್ತಿನಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ಬಚ್ಚಲಲ್ಲಿ ವಾಷಿಂಗ್ ಮೆಷಿನ್ ಎಂಬ ಮಾಯಾಮೃಗವಿತ್ತು. ಅದರ ಎದೆಯ ಮೇಲೊಂದು ಗುಂಡನೆಯ ಗಾಜಿನ ಬಾಯಿ. ಕೊಳೆ ಬಟ್ಟೆ ನುಂಗಿ, ನೀರು ಕುಡಿದು, ಗುಡುಗುಡು ಸುತ್ತಿ, ನೀರೆಲ್ಲ ಉಗುಳಿದ ಮೇಲೇ ಬಾಯಿ ಬಿಡುವುದು. ಹಾಳು ಮೃಗ, ಅದರ ಹಟ ಅಷ್ಟಿಷ್ಟಲ್ಲ.

ಒಂದು ದಿನ ಬೆಳಿಗ್ಗೆ ರಾಜಕುಮಾರ ಇಂದುಧರನಿಗೂ ಹೊನ್ನಾಂಬೆಗೂ ಮದುವೆ. ತಾಳಿ ಕಟ್ಟಿದ ಕೂಡಲೇ, ಕರೆಯದೆ ಬಂದಿದ್ದ ಕರಿಗಡ್ಡನೆಂಬ ಮಂತ್ರವಾದಿ ಎಲ್ಲರೊಡನೆ ತಾನೂ ಅಕ್ಷತೆ ಎರಚಿದ. ಅದು ಮಾಟದ ಅಕ್ಷತೆ. ಮದುಮಗ ನಿಂತಲ್ಲೇ ಕೊಕ್ಕರೆಯಾದ! ಅಂಗಿ ಬರಿದಾಗಿ ಕೆಳಗೆ ಬಿತ್ತು.

"ಈ ಅಂಗಿ ಒಗೆದು ಹೊತ್ತು ಮುಳುಗೋದರೊಳಗೆ ತೊಡಿಸು, ಗಂಡ ಸಿಗ್ತಾನೆ. ಇಲ್ಲಾಂದ್ರೆ ಸಾಯೋ ತನಕ ಕೊಕ್ಕರೆ!" ಎಂದು ನಗುತ್ತಾ ಕರಿಗಡ್ಡ ಮಾಯವಾದ.

ಹೊನ್ನಾಂಬೆ ಅಂಗಿ ಕೊಡವಲು ಹೋದಳು. "ಅಯ್ಯೋ, ಮದುವೆ ಅಕ್ಷತೆ ಕೊಡವಬಾರದಮ್ಮ, ಅಶುಭ!" ಎಂದರು ಅತ್ತೆ. ಹೊಸ ಸೊಸೆ ಎದುರಾಡುವುದುಂಟೇ? ಅಕ್ಷತೆ ಸಮೇತ ಅಂಗಿ ಮೃಗದ ಬಾಯಿಗೆ ಹೋಯಿತು.

ಮೃಗ ಸುತ್ತಿತು, ಸುತ್ತಿತು, ನಿಂತೇಬಿಟ್ಟಿತು. ಹೊಟ್ಟೆ ತುಂಬ ನೀರು, ನೀರಿನಲ್ಲಿ ಅಂಗಿ. ಬಾಯಿ ಮಾತ್ರ ಬಿಡದು.

"ಒಂದು ಸಲ ಆರಿಸಿ ಹಾಕೇ," ಎಂದಿತು ಕೊಕ್ಕರೆ, ಒಂಟಿಕಾಲಲ್ಲಿ ನಿಂತು.

ಹೊನ್ನಾಂಬೆ ಆರಿಸಿ ಹಾಕಿದಳು. ಮೃಗ 'ಟುಂಯ್' ಎಂದು ಹಾಡಿತು. ನೀರು ಹಾಗೇ ಇತ್ತು.

"ಹಿಂದಿನ ಪೈಪು ಮಡಚಿಕೊಂಡಿರಬೇಕು. ನಾನು ಆಗಲೇ ಅಂದುಕೊಂಡೆ..."

"ಸ್ವಲ್ಪ ಸುಮ್ಮನಿರ್ತೀರಾ?"

ಹಿಂದಕ್ಕೆ ಕೈಹಾಕಿದರೆ ಪೈಪು ಹಾವಾಗಿ ಬುಸ್ಸೆಂದಿತು. ಹೊನ್ನಾಂಬೆ ಅದರ ಕುತ್ತಿಗೆ ಹಿಡಿದು ನೆಟ್ಟಗೆ ಮಾಡಿದಳು. "ನನ್ನ ಗಂಟಲು ಸರಿಯಾಗೇ ಇದೆ ತಾಯಿ. ಒಳಗಿಂದ ಬಂದರೆ ತಾನೇ ನಾನು ಬಿಡೋದು?" ಎಂದು ಹಾವು ಗೊಣಗಿತು.

ಸೂರ್ಯ ಕೋಟೆಗೋಡೆಗೆ ಇಳಿದ. ಹೊನ್ನಾಂಬೆಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಥೂ ಎಂದು ನೆಲದ ಮೇಲೇ ಕುಕ್ಕರಿಸಿದಳು. ಆಗ ಮೃಗದ ಬುಡ ಕಂಡಿತು. ಪ್ರತಿ ಆಯುಧಪೂಜೆಗೂ ಅತ್ತೆ 'ಪಾದ' ಎಂದು ಬಳಿದ ಅರಿಶಿನ ಕುಂಕುಮ ಅಲ್ಲಿ ದಪ್ಪಗೆ ಕಟ್ಟಿತ್ತು. ಅದರಡಿ ಪುಟ್ಟ ಬಾಗಿಲೊಂದರ ಗೆರೆ! ಅವಳು ಸ್ವಿಚ್ ಆರಿಸಿ, ಉಗುರಿನಿಂದ ಕೆರೆಯತೊಡಗಿದಳು.

"ಪಾದ ಕೆರೀತೀಯಾ? ಪಾಪ ಬರುತ್ತೆ ಕಣೇ!" ಎಂದಿತು ಕೊಕ್ಕರೆ.

"ಬರಲಿ ರೀ! ಕೊಕ್ಕರೆ ಜೊತೆ ಸಂಸಾರ ಮಾಡೋದಕ್ಕಿಂತ ಪಾಪಾನೇ ವಾಸಿ!"

ಕೊಕ್ಕರೆಯ ಮುಖ ಸಣ್ಣದಾಯಿತು. ಹೊನ್ನಾಂಬೆಗೆ ಕರುಳು ಚುರುಕ್ಕೆಂದಿತು. "ಹಾಗಲ್ಲ ರೀ, ನೀವು ಬೇಕು ನನಗೆ. ಅದಕ್ಕೇ ಇಷ್ಟೆಲ್ಲ ಒದ್ದಾಟ," ಎಂದಳು.

ಬಾಗಿಲು ತೆಗೆದು, ಕೆಳಗೆ ತಟ್ಟೆಯಿಟ್ಟು, ಒಳಗಿನ ಬಿರಡೆಯನ್ನು ಮೆಲ್ಲಗೆ ತಿರುಗಿಸಿದಳು. ನೆನೆದು ಉಬ್ಬಿದ ಅಕ್ಷತೆ ಮುದ್ದೆಮುದ್ದೆಯಾಗಿ ಬಂತು. ನೀರು ಮಾತ್ರ ತೊಟ್ಟಿಕ್ಕಿ ನಿಂತಿತು. ಇಣುಕಿದರೆ, ಒಳಗಿನ ಪುಟ್ಟ ಚಕ್ರಕ್ಕೆ ಒಂದು ಕರೀ ಕಾಳು ಕಚ್ಚಿಕೊಂಡಿತ್ತು. ಕರಿಗಡ್ಡ ಎರಚಿದ ಮಾಟದ ಕಾಳು! ಬೆರಳು ತಲುಪಲಿಲ್ಲ. ಸೌಟಿನ ಹಿಡಿಯೂ ತೂರಲಿಲ್ಲ.

ಹೊನ್ನಾಂಬೆ ಗಂಡನನ್ನು ನೋಡಿದಳು. ಗಂಡನ ಮೂತಿಯನ್ನು ನೋಡಿದಳು.

"ರೀ, ಬೆಳಿಗ್ಗೆಯಿಂದ ಬರೀ ಉಪದೇಶಕ್ಕೆ ಬಳಸಿದಿರಲ್ಲ ಆ ಕೊಕ್ಕು, ಈಗ ಇಲ್ಲಿ ಹಾಕಿ!"

ಕೊಕ್ಕರೆ ಕೊಕ್ಕು ತೂರಿಸಿ, ಕಾಳು ಕಚ್ಚಿ ಎಳೆಯಿತು. ನೀರು ಭೋರೆಂದು ನುಗ್ಗಿ ಬಚ್ಚಲು ತುಂಬಿತು. ಹೊನ್ನಾಂಬೆ ಕಾಳನ್ನು ಹಿಮ್ಮಡಿಯಲ್ಲಿ ಅರೆದುಬಿಟ್ಟಳು. ಊರಾಚೆ ಕರಿಗಡ್ಡನ ಗಡ್ಡ ಪೂರ್ತಿ ಉದುರಿತು, ಅದರೊಡನೆ ಅವನ ವಿದ್ಯೆಯೂ ಹೋಯಿತು. ಇತ್ತ ಮೃಗ ಟಕ್ಕೆಂದು ಬಾಯಿ ಬಿಟ್ಟಿತು. ಕಿಟಕಿಯಲ್ಲಿ ಇನ್ನೂ ಒಂದು ಗೆರೆ ಬಿಸಿಲಿರುವಾಗಲೇ ಒದ್ದೆ ಅಂಗಿ ಕೊಕ್ಕರೆಯ ಮೇಲೆ ಬಿತ್ತು.

ಇಂದುಧರ ನಡುಗುತ್ತಾ ಎದ್ದುನಿಂತ. ಅಂಗಿಯ ತೋಳು ನೋಡಿಕೊಂಡು, "ಇಸ್ತ್ರಿ ಮಾಡಲಿಲ್ವಾ?" ಎಂದ.

ಹೊನ್ನಾಂಬೆ ಅವನನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಆ ಒದ್ದೆ ಅಂಗಿಗೇ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲೆ ಅವರಿಬ್ಬರೂ ಮುತ್ತಿನಗಿರಿಯಲ್ಲಿ ಜಗಳವಾಡುತ್ತಾ ಸುಖವಾಗಿ ಬಾಳಿದರು. ಮದುವೆ ಬಟ್ಟೆಗಳನ್ನು ಈಗ ಅತ್ತೆಯೇ ಅಂಗಳದಲ್ಲಿ ನಿಂತು ಪಟಪಟನೆ ಕೊಡವುತ್ತಾರೆ. ಆಯುಧಪೂಜೆ ಬಂತೆಂದರೆ ಇಂದುಧರ ಮೃಗದ ಮುಂದೆ ಮಂಡಿಯೂರಿ ಬಿರಡೆ ತೊಳೆಯುತ್ತಾನೆ. ಕುಂಕುಮವೇನಿದ್ದರೂ ಅದಾದ ಮೇಲೆ.