ಬೂದು ಕಾಲುಚೀಲ

ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಒಂದು. ಬಲಕ್ಕೆ ಬರುವಾಗ ಯೋಗ್ವನ್‌ನ ಕಾಲು ನೇರವಾಗಿ ರನ್ವಾಳ ಹೆಬ್ಬೆರಳ ಮೇಲೆ ಬಿತ್ತು.

ಅವಳು ತುಟಿ ಕಚ್ಚಿಕೊಂಡಳು. ಬಲಗೈ ಯೋಗ್ವನ್‌ನ ಹಿಡಿತದಲ್ಲಿತ್ತು, ಎಡಗೈ ಬೀಯಾಳ ಹಿಡಿತದಲ್ಲಿ. ಫ್ಯಾರೋ ದ್ವೀಪಗಳ ಸುತ್ತುಕುಣಿತದಲ್ಲಿ ಹಾಡು ಮುಗಿಯುವ ತನಕ ಯಾರೂ ಕೈ ಬಿಡುವುದಿಲ್ಲ. ಈ ಹಾಡಿಗೆ ಎಂಬತ್ತೆರಡು ನುಡಿಗಳು.

"ಸಾರಿ," ಎಂದ ಯೋಗ್ವನ್. "ಯಾಕೆ ಮುಖ ಹಾಗ್ ಮಾಡ್ತೀಯ? ಹಳಸಿದ ಮೀನು ತಿಂದೋಳ ಥರ."

"ಸುಮ್ನೆ ಹಾಡು."

ಶಾಲೆಯ ಹಾಲ್‌ನಲ್ಲಿ ಎಲ್ಲರದೂ ಬರೀ ಕಾಲುಚೀಲ. ಶೂಗಳೆಲ್ಲ ಬಾಗಿಲಾಚೆ. ಅಜ್ಜಿ ಹೆಣೆದ ಬೂದು ಕಾಲುಚೀಲದ ತುದಿ ಒದ್ದೆಯಾಗುತ್ತಿರುವುದು ರನ್ವಾಳಿಗೆ ಗೊತ್ತಾಯಿತು.

ಒಂಬತ್ತು ದಿನದ ಹಿಂದೆ ಆ ಬೆರಳನ್ನು ಅಣ್ಣ ಹಾನುಸ್ ನೋಡಿದ್ದ. "ಉಗುರು ಮಾಂಸದೊಳಗೆ ಬೆಳೀತಿದೆ ಕಣೇ. ಇಕ್ಕಳ ಹಾಕಿ ಬುಡಸಮೇತ ಕೀಳ್ತಾರೆ. ಇಬ್ಬರು ಕಾಲು ಹಿಡ್ಕೋತಾರೆ."

ಅಂದಿನಿಂದ ಅವಳು ದಿನಾ ಬಚ್ಚಲ ಬಾಗಿಲು ಹಾಕಿಕೊಂಡು, ಅಜ್ಜಿಯ ಉಣ್ಣೆ ಕತ್ತರಿಯಿಂದ ಉಗುರಿನ ಮೂಲೆಯನ್ನು ಕತ್ತರಿಸುತ್ತಿದ್ದಳು. ಕತ್ತರಿಸಿದಷ್ಟೂ ನೋವು ಇನ್ನೂ ಆಳಕ್ಕೆ ಇಳಿಯುತ್ತಿತ್ತು. ಯಾರಿಗೂ ಹೇಳಲಿಲ್ಲ.

ಸುತ್ತು ತಿರುಗಿ ಅದೇ ಜಾಗಕ್ಕೆ ಬಂತು. ನೆಲದ ಹಲಗೆಯ ಮೇಲೆ ಒಂದು ಕೆಂಪು ಚುಕ್ಕೆ.

"ಅದೇನದು?" ಎಂದಳು ಬೀಯಾ.

ಮತ್ತೊಂದು ಸುತ್ತು. ಈಗ ಮೂರು ಚುಕ್ಕೆ. ಮಕ್ಕಳು ಹಾಡುತ್ತಲೇ ಒಬ್ಬರ ಕಾಲನ್ನೊಬ್ಬರು ನೋಡತೊಡಗಿದರು. ಇಷ್ಟು ಹೊತ್ತು ಹಾಡು ಬೇಗ ಮುಗಿಯಲಿ ಎನ್ನುತ್ತಿದ್ದ ರನ್ವಾ, ಈಗ ಅದು ಮುಗಿಯದಿರಲಿ ಎಂದುಕೊಂಡಳು. ಹಾಡು ನಿಂತರೆ ಕಾಲುಗಳೂ ನಿಲ್ಲುತ್ತವೆ.

ನಿಂತವು.

"ಯಾರಿಗೆ ಗಾಯ ಆಗಿದೆ?" ಟೀಚರ್ ಕೇಳಿದರು.

ಯೋಗ್ವನ್‌ನ ಕಿವಿ ಕೆಂಪಾಯಿತು. "ನಾನೇ ತುಳಿದೆ ಟೀಚರ್. ರನ್ವಾನ ಬೈಬೇಡಿ."

ಶಾಲೆಯ ನರ್ಸ್ ಟೂರಿ ಅವರ ಕೋಣೆಯಲ್ಲಿ ಬಿಸಿನೀರಿನ ಬೋಗುಣಿ ಇತ್ತು. ಅವರು ಮೊಣಕೈ ಅದ್ದಿ ಬಿಸಿ ನೋಡಿದರು, ಉಪ್ಪು ಹಾಕಿದರು. ಅಪ್ಪ ಕಡಲಲ್ಲಿ, ಅಮ್ಮ ಕೆಲಸದಲ್ಲಿ. ಹಾಗಾಗಿ ಅಜ್ಜಿ ಬಂದಿದ್ದಳು, ಇನ್ನೂ ಮಳೆಕೋಟಿನಲ್ಲೇ.

ರನ್ವಾ ನೀರಿನೊಳಗೆ ಕಾಲಿಟ್ಟು ಮೇಜಿನ ಮೇಲೆಲ್ಲ ಕಣ್ಣಾಡಿಸಿದಳು. "ಇಕ್ಕಳ ಎಲ್ಲಿಟ್ಟಿದೀರ?"

"ಯಾವ ಇಕ್ಕಳ?"

"ಕೀಳೋದು."

"ಕೀಳೋದೇನಿಲ್ಲ ಇಲ್ಲಿ." ಟೂರಿ ಅಕ್ಕಿಕಾಳಿನಷ್ಟು ಹತ್ತಿ ಹೊಸೆದರು. "ಉಗುರಿನ ಮೂಲೆ ಎತ್ತಿ ಇದನ್ನ ಕೆಳಗೆ ಇಡ್ತೀನಿ. ಮೂಲೆ ಕತ್ತರಿಸಿ ಕತ್ತರಿಸಿ ನೀನೇ ಅದನ್ನ ಒಳಗೆ ನುಗ್ಗಿಸಿದೀಯ. ಇನ್ಮೇಲೆ ನೇರಕ್ಕೆ ಕತ್ತರಿಸ್ಬೇಕು. ಆ ಬಿಗಿ ಶೂ ಬೇಡ. ಕೀವು ಆಗಿದ್ರೆ ಡಾಕ್ಟರ್ ಹತ್ರ ಕಳಿಸ್ತಿದ್ದೆ. ಅವರೂ ಏನಾದ್ರೂ ಮಾಡೋ ಮುಂಚೆ ಬೆರಳು ಮರಗಟ್ಟೋ ಹಾಗೆ ಇಂಜೆಕ್ಷನ್ ಕೊಡ್ತಾರೆ."

ಅಜ್ಜಿ ರನ್ವಾಳ ಕೈ ಹಿಡಿದುಕೊಂಡಳು. ಮಾಗಿಯಲ್ಲಿ ಒಬ್ಬಳೇ ಕುರಿ ಹಿಡಿದು ಕೊಯ್ಯುವ ಕೈ ಅದು. ಈಗ ರನ್ವಾಳ ಬೆರಳುಗಳನ್ನು ನೋಯುವಷ್ಟು ಬಿಗಿಯಾಗಿ ಅಮುಕುತ್ತಿತ್ತು.

"ಅಜ್ಜಿ, ನಿಂಗೇನಾಯ್ತು?"

"ಏನಿಲ್ಲ. ಬೇಗ ಮುಗಿಸಮ್ಮ ಟೂರಿ." ಅಜ್ಜಿ ಗೋಡೆಯನ್ನೇ ನೋಡುತ್ತಿದ್ದಳು.

ಚುಳ್ ಎಂದಿತು. ಮತ್ತೊಮ್ಮೆ. ಆಮೇಲೆ ಒಂಬತ್ತು ದಿನದಿಂದ ಒತ್ತುತ್ತಿದ್ದದ್ದು ಸಡಿಲವಾಯಿತು.

ದಿನಕ್ಕೆ ಎರಡು ಸಲ ಉಪ್ಪುನೀರಲ್ಲಿ ಕಾಲಿಡಬೇಕು ಎಂದು ಟೂರಿ ಹೇಳಿದ್ದರು. ಸಂಜೆ ಅಡುಗೆಮನೆಯ ಮೇಜಿನ ಪಕ್ಕ ರನ್ವಾ ಬೋಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತಳು. ಎದುರಿಗೆ ಅಜ್ಜಿ.

"ನಿಂಗೂ ಒಂದು ಬೋಗುಣಿ ತರ್ಲಾ ಅಜ್ಜಿ? ಹಾಯಾಗತ್ತೆ."

ಅಜ್ಜಿ ಬೇಸಿಗೆಯಲ್ಲೂ ಕಾಲುಚೀಲ ತೆಗೆದವಳಲ್ಲ. ಈಗ ಬಗ್ಗಿ, ಎಡಗಾಲಿನದನ್ನು ಮೆಲ್ಲಗೆ ಕಳಚಿದಳು. ಹೆಬ್ಬೆರಳಿನಲ್ಲಿ ಉಗುರೇ ಇರಲಿಲ್ಲ. ಬರೀ ಗಟ್ಟಿ ಚರ್ಮ.

"ಇದೇ ಮೇಜಿನ ಮೇಲೆ ಕಿತ್ರು," ಎಂದಳು ಅಜ್ಜಿ. "ನಿನ್ನ ಹಾಗೇ ನಂಗೂ ಆಗ ಹತ್ತು ವರ್ಷ."

"ಇಂಜೆಕ್ಷನ್ ಕೊಟ್ಟಿದ್ರಾ?"

"ಇಬ್ಬರು ಕಾಲು ಹಿಡ್ಕೊಂಡಿದ್ರು."

ಹಾನುಸ್‌ನ ಮಾತು ಎಲ್ಲಿಂದ ಬಂದಿತ್ತೆಂದು ರನ್ವಾಳಿಗೆ ಈಗ ಗೊತ್ತಾಯಿತು. ಅವಳು ಒದ್ದೆ ಕಾಲು ಒರೆಸಿಕೊಂಡು, ಕುಂಟುತ್ತ ಹೋಗಿ ಇನ್ನೊಂದು ಬೋಗುಣಿಗೆ ನೀರು ತುಂಬಿದಳು. ಟೂರಿಯಂತೆ ಮೊಣಕೈ ಅದ್ದಿ ನೋಡಿದಳು.

"ಜಾಸ್ತಿ ಬಿಸಿ ಇಲ್ಲ ಅಜ್ಜಿ," ಎಂದು ಕೈ ಚಾಚಿದಳು. "ಇಡು. ನಾನು ಕೈ ಹಿಡ್ಕೋತೀನಿ."