ಹನ್ನೊಂದು ಸುಳ್ಳು ರೈಟು

ಪ್ರೇಮದ ಕಥೆ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಸಂಜೆ ತರಗತಿಗಳಲ್ಲಿ ಓದಿದವಳು ನಾನು. ಬರೆದು ಅಭ್ಯಾಸವಿರುವುದು ಪರೀಕ್ಷೆಯ ಉತ್ತರ ಮಾತ್ರ. ಅದರಲ್ಲೂ ಇದು ನನ್ನದೇ ಕಥೆ. ಅಧಿಕಪ್ರಸಂಗ ಅನ್ನಿಸಿದರೆ ಮನ್ನಿಸಿ. ಆದರೆ ಹೇಳದೆ ಬಿಡಲಾರೆ.

ನರ್ಸಿಂಗ್ ಮುಗಿಸಿದ್ದು ಹದಿನೇಳು ವರ್ಷದ ಹಿಂದೆ. ಆಗ ಲೈಸೆನ್ಸ್ ಪರೀಕ್ಷೆಗೆ ಅರ್ಜಿ ಹಾಕಬೇಕೆಂದಿದ್ದ ವಾರವೇ ಅಮ್ಮನಿಗೆ ಲಕ್ವ ಹೊಡೆಯಿತು. ಹದಿನಾಲ್ಕು ವರ್ಷ ಮಲಗಿದ್ದರೂ ಅವಳ ಬೆನ್ನಲ್ಲಿ ಒಂದು ಹುಣ್ಣು ಏಳಲು ನಾನು ಬಿಡಲಿಲ್ಲ. ಅದಕ್ಕೆ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ. ಅಮ್ಮ ಹೋದ ಮೇಲೆ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಬದಲಿಸುವ, ಬೆಡ್‌ಪ್ಯಾನ್ ತೊಳೆಯುವ ಕೆಲಸಕ್ಕೆ ಸೇರಿದೆ. ನಲವತ್ತೊಂದಕ್ಕೆ ಅರ್ಜಿ ತುಂಬಿದೆ. ಅದೇ ನನ್ನ ಮೊದಲ ಅವಕಾಶ, ವಯಸ್ಸಿನ ನಿಯಮದ ಪ್ರಕಾರ ಅದೇ ಕೊನೆಯದು.

"ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಂಗೇನೇ, ನಲವತ್ತಕ್ಕೇ ಬಂತಾ?" ಅಂದರು ಅತ್ತಿಗೆ. "ಈ ವಯಸ್ಸಲ್ಲಿ ಆಗಲ್ಲ ಅದು."

"ಬೇಗ ಬಂದಿದ್ದು ಬೇಗ ಹೋಗುತ್ತೆ ಬಿಡಿ ಅತ್ತಿಗೆ," ಅಂದೆ. ಬಚ್ಚಲಿಗೆ ಹೋಗಿ ಅತ್ತೆ.

ಓದಿಸಲು ಒಪ್ಪಿದವರು ನಮ್ಮ ಆಂಬುಲೆನ್ಸ್ ಡ್ರೈವರ್. ಅಷ್ಟು ಮೆಲ್ಲಗೆ ಮಾತಾಡುವ ಮನುಷ್ಯನಿಗೆ ಆಸ್ಪತ್ರೆಯವರೆಲ್ಲ ಸೈರನ್ ಅಂತ ಹೆಸರಿಟ್ಟಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಗಾಡಿಯ ಹಿಂದಿನ ಮೆಟ್ಟಿಲ ಮೇಲೆ ಕೂತು ಮಾದರಿ ಪ್ರಶ್ನೆಗಳನ್ನು ಕೇಳುತ್ತಿದ್ದರು. ಉತ್ತರದ ಪುಸ್ತಕ ಅವರ ಬಳಿ, ನಾನು ಇಣುಕಬಾರದು. ಅದು ನಾನೇ ಹಾಕಿದ ಕಟ್ಟಳೆ. ನಾನು ಉತ್ತರ ಹೇಳುವಾಗ ಅವರು ಪುಸ್ತಕ ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಆಮೇಲೆ ಕಿವಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು, ಒಂದು ಕಣ್ಣು ಕಿರಿದು ಮಾಡಿ, ರೈಟ್ ಎಳೆಯುತ್ತಿದ್ದರು.

"ಪಾಸಾದ್ರೆ ಎಲ್ರೂ ನಿಮ್ಮನ್ನ ಸಿಸ್ಟರ್ ಅಂತಾರೆ."

"ನೀವೂ ಅನ್ನಬೇಕಾಗುತ್ತೆ."

"ಅದೊಂದು ಬಿಟ್ಟು ಏನ್ ಬೇಕಾದ್ರೂ ಕರೀತೀನಿ."

ನನ್ನ ಕಿವಿ ಬಿಸಿಯಾಯಿತು. "ಮುಂದಿನ ಪ್ರಶ್ನೆ ಕೇಳ್ರೀ," ಎಂದು ಗದರಿದೆ.

ಅವತ್ತು ನೂರಕ್ಕೆ ಅರವತ್ತಾರು ಬಂತು. ಪಾಸಾಗಲು ಅರವತ್ತು ಸಾಕು. ಮನೆಯವರೆಗೂ ನೆಲ ಕಾಲಿಗೆ ತಾಗಲಿಲ್ಲ.

ಪರೀಕ್ಷೆಗೆ ಇಪ್ಪತ್ತು ದಿನವಿದ್ದಾಗ, ಚೀಟಿ ಮಾಡಿಸುವ ಸಾಲಿನಲ್ಲಿ ಒಬ್ಬರು ಧೊಪ್ಪನೆ ಬಿದ್ದರು. ಉಸಿರಿಲ್ಲ, ನಾಡಿಯಿಲ್ಲ. ನಾನು ಮಂಡಿಯೂರಿ ಅವರ ಗದ್ದ ಎತ್ತಿ ಉಸಿರಿನ ದಾರಿ ಬಿಡಿಸತೊಡಗಿದೆ. ಓಡಿ ಬಂದ ಸೈರನ್ ನನ್ನನ್ನು ಪಕ್ಕಕ್ಕೆ ತಳ್ಳಿದರು.

"ಬಿಡಿ! ಮೊದ್ಲು ಎದೆ ಒತ್ತಬೇಕು!"

ಅವರು ಎಣಿಸುತ್ತಾ ಒತ್ತಿದರು. ಡಾಕ್ಟರ್ ಬರುವ ಹೊತ್ತಿಗೆ ನಾಡಿ ಮರಳಿತ್ತು. ರೋಗಿಯನ್ನು ಒಳಗೆ ಕರೆದೊಯ್ದರು.

ನಾನು ಗೋಡೆಗೊರಗಿದೆ. ನಾನು ಕಲಿತ ಕಾಲದಲ್ಲಿ ಉಸಿರಿನ ದಾರಿಯೇ ಮೊದಲು. ಕ್ರಮ ಬದಲಾಗಿತ್ತು. ಆಂಬುಲೆನ್ಸಿನವರಿಗೆ ಅದರ ತರಬೇತಿಯೂ ಆಗಿತ್ತು.

"ಅರವತ್ತಾರು ಬಂದ ಪತ್ರಿಕೆಯಲ್ಲಿ ಇದೇ ಪ್ರಶ್ನೆ ಇತ್ತು. ನಾನು ಉಸಿರಿನ ದಾರಿ ಅಂದೆ. ನೀವು ರೈಟ್ ಹಾಕಿದ್ರಿ."

ಅವರು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. "ಹಾಕಿದೆ. ಅವತ್ತು ನಿಮ್ಮ ಕಣ್ಣು ಊದಿತ್ತು. ಇನ್ನೊಂದು ತಪ್ಪು ಅಂದ್ರೆ ಓದೋದೇ ಬಿಟ್ಬಿಡ್ತೀರೇನೋ ಅಂತ..."

"ಅಂಥವು ಎಷ್ಟು?"

"ಹನ್ನೊಂದು."

ಅಂದರೆ ಐವತ್ತೈದು. ಫೇಲು.

"ಪರೀಕ್ಷೆ ಹೋದ್ರೆ ಹೋಗ್ಲಿ," ಅಂದರು ಮೆಲ್ಲಗೆ. "ನಾನಿದ್ದೀನಲ್ಲ."

ಎಷ್ಟು ದಿನದಿಂದ ಕಾದಿದ್ದ ಮಾತು! ಕೇಳಿ ಮೈ ಉರಿಯಿತು.

"ಆಗಲ್ಲ ಅಂತ ಅತ್ತಿಗೆ ಬಾಯಿಬಿಟ್ಟು ಹೇಳಿದ್ರು. ನೀವು ಅದನ್ನೇ ರೈಟ್ ಹಾಕಿ ಹೇಳಿದ್ರಿ. ಅವರೇ ವಾಸಿ ಕಣ್ರೀ! ನೀವು ಬರದೇ ಇದ್ದಿದ್ರೆ ಆ ಮನುಷ್ಯನ ಗತಿ?"

ಅವರು ಕಿವಿಯ ಪೆನ್ನು ತೆಗೆದು ಜೇಬಿಗಿಟ್ಟುಕೊಂಡರು.

ಮರುದಿನ ಹೋಗಬಾರದು ಎಂದುಕೊಂಡೆ. ಹೋದೆ. ಅವರ ಕೈಗೆ ಕೆಂಪು ಪೆನ್ನು ಕೊಟ್ಟೆ. "ಕೇಳಿ."

ಕೇಳಿದರು. ಹೇಳಿದೆ. ಪುಸ್ತಕವನ್ನೊಮ್ಮೆ ನನ್ನ ಮುಖವನ್ನೊಮ್ಮೆ ನೋಡಿ, "ತಪ್ಪು," ಅಂದರು, ತಾವೇ ಸಿಕ್ಕಿಬಿದ್ದವರ ಹಾಗೆ.

"ಸೈರನ್ ಅಲ್ವಾ ನೀವು? ಜೋರಾಗಿ ಹೇಳ್ರೀ."

"ತಪ್ಪು!"

ಕ್ಯಾಂಟೀನಿನವರು ತಿರುಗಿ ನೋಡಿದರು. ನೋಡಲಿ. ಆಮೇಲಿನ ದಿನಗಳಲ್ಲಿ ಅವರು ಆ ಮಾತನ್ನು ನೂರಾರು ಸಲ ಹೇಳಿದರು. ನನ್ನ ಮುಖ ಬಾಡುವುದನ್ನು ನೋಡುತ್ತಲೇ, ನೋಟ ತಪ್ಪಿಸದೆ ಹೇಳಿದರು. ಯಾವ ಹೊಗಳಿಕೆಯೂ ನನ್ನನ್ನು ಅಷ್ಟು ಮುದ್ದಿಸಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಪುಸ್ತಕ ಮುಚ್ಚಿದರು. "ಇನ್ನೊಂದು ಪ್ರಶ್ನೆ. ಪುಸ್ತಕದಲ್ಲಿಲ್ಲ."

"ಆಯ್ಕೆಗಳು?"

"ಎರಡೇ. ಹೂಂ, ಇಲ್ಲ."

"ಹೂಂ," ಅಂದೆ. "ಫೇಲಾದ್ರೆ ಸಾಕ್ತೀರಿ ಅಂತಲ್ಲ. ಪಾಸಾದ್ರೂ ಇದೇ ಉತ್ತರ."

ಅವರು ಕೈ ಚಾಚಿದರು. ಹಿಡಿದುಕೊಂಡೆ. ಕ್ಯಾಂಟೀನಿನವರು ಮತ್ತೆ ನೋಡಿದರು, ನಾನು ಕೈ ಬಿಡಲಿಲ್ಲ.

ಪರೀಕ್ಷೆ ಬರೆದು ಐದು ವಾರವಾಯಿತು. ಏಳು ಉತ್ತರಗಳ ಬಗ್ಗೆ ಇಂದಿಗೂ ಅನುಮಾನವಿದೆ. ಫಲಿತಾಂಶ ಬಂದಿಲ್ಲ. ಪಾಸಾಗಿದ್ದೇನೋ ಇಲ್ಲವೋ, ನಿಜಕ್ಕೂ ನನಗೆ ಗೊತ್ತಿಲ್ಲ.